ಒಂದೇ ಪುಟದ ಡಿಸ್ಚಾರ್ಜ್ ಸಮ್ಮರಿ

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ, ರೋಗಿ ಮನೆಗೆ ಹೊರಡುವ ದಿನ ಅವನ ಮೇಲೆ ಯಾರಿಗೂ ಆಸಕ್ತಿ ಉಳಿದಿರುತ್ತಿರಲಿಲ್ಲ. ದಾಖಲಾದ ದಿನ ಎಲ್ಲರೂ ಓಡಿ ಬರುತ್ತಿದ್ದರು. ಆಪರೇಷನ್ ದಿನ ದೊಡ್ಡ ಡಾಕ್ಟರು ಹೆಗಲ ಮೇಲೆ ಕೈ ಇಡುತ್ತಿದ್ದರು. ಮನೆಗೆ ಹೋಗುವ ದಿನ ಮಾತ್ರ ಅವನು ಬೇಗ ಖಾಲಿಯಾಗಬೇಕಾದ ಒಂದು ಮಂಚ. ಕೊನೆಗೆ ಅವನ ಕೈಗೆ ಒಂದು ಕಾಗದ ಕೊಡಬೇಕಲ್ಲ, ಯಾವ ರೋಗಕ್ಕೆ ಬಂದಿದ್ದ, ಏನು ಮಾಡಿದೆವು, ಮನೆಯಲ್ಲಿ ಯಾವ ಗುಳಿಗೆ ನುಂಗಬೇಕು, ಮತ್ತೆ ಯಾವಾಗ ಬರಬೇಕು ಎಂದು ಬರೆದ ಕಾಗದ, ಅದಕ್ಕೆ ಡಿಸ್ಚಾರ್ಜ್ ಸಮ್ಮರಿ ಎನ್ನುತ್ತಾರೆ. ಅದನ್ನು ಬರೆಯುವ ಕೆಲಸ ಇಡೀ ಆಸ್ಪತ್ರೆಯಲ್ಲಿ ಯಾರಿಗೂ ಬೇಡವಾಗಿತ್ತು.

ತುಮಕೂರು ರಸ್ತೆಗೆ ಅಂಟಿಕೊಂಡು, ಪೀಣ್ಯದ ಕಾರ್ಖಾನೆಗಳಿಗೆ ಬೆನ್ನು ಹಾಕಿ ನಿಂತಿದ್ದ ಆ ಖಾಸಗಿ ಆಸ್ಪತ್ರೆಯಲ್ಲಿ ನಾನು ಮೆಡಿಕಲ್ ರೆಕಾರ್ಡ್ಸ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ನೆಲಮಾಳಿಗೆಯಲ್ಲಿ ಜನರೇಟರ್ ಪಕ್ಕದ ಕೋಣೆ, ಕಬ್ಬಿಣದ ರ‍್ಯಾಕುಗಳು, ಇಬ್ಬರು ಗುಮಾಸ್ತರು, ಸತ್ತವರದೂ ಬದುಕಿದವರದೂ ಒಟ್ಟಿಗೆ ಪೇರಿಸಿದ ಫೈಲುಗಳು, ಅಷ್ಟೆ. ನಾನು ಬೆಳೆದದ್ದು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಕೆಲಸವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ಅವರ ಉದ್ಯೋಗ. ಮನೆಗೆ ಬಂದ ಮೇಲೂ ಅವರು ಅದನ್ನು ಬಿಡುತ್ತಿರಲಿಲ್ಲ. ಅಮ್ಮನ ಸಾರು, ಪಕ್ಕದ ಮನೆಯವರ ರಂಗೋಲಿ, ನನ್ನ ಕಾಪಿ ಪುಸ್ತಕ, ಎಲ್ಲವೂ ಒಂದಲ್ಲ ಒಂದು ದಿನ ರಿಜೆಕ್ಟ್ ಆಗಿದ್ದವು. ನನಗೆ ಅವರ ಬಣ್ಣ ಬರಲಿಲ್ಲ, ಎತ್ತರ ಬರಲಿಲ್ಲ, ಈ ಗುಣ ಮಾತ್ರ ಬಂತು.

ಆ ಗುಣಕ್ಕೆ ಆಸ್ಪತ್ರೆಯಷ್ಟು ಒಳ್ಳೆಯ ಮೇವು ಬೇರೆಲ್ಲೂ ಸಿಗಲಾರದು. ಕೈಬರಹದ ಕಾಲದಲ್ಲಿ ಸಮ್ಮರಿಗಳನ್ನು ಓದಬಲ್ಲವರೇ ಇರಲಿಲ್ಲ. ಆಮೇಲೆ ವಾರ್ಡಿಗೊಂದು ಕಂಪ್ಯೂಟರ್ ಬಂತು. ಆಗ ಗುಮಾಸ್ತರು ಒಂದು ಉಪಾಯ ಕಂಡುಕೊಂಡರು. ನಿನ್ನೆ ಮನೆಗೆ ಹೋದವನ ಸಮ್ಮರಿಯನ್ನು ತೆರೆಯುವುದು, ಹೆಸರು ಬದಲಿಸುವುದು, ಕಣ್ಣಿಗೆ ಬಿದ್ದ ನಾಲ್ಕು ಸಾಲು ತಿದ್ದುವುದು, ಇವತ್ತಿನವನ ಕೈಗೆ ಕೊಡುವುದು. ಕಣ್ಣಿಗೆ ಬೀಳದ ಸಾಲುಗಳು ಹಾಗೇ ಉಳಿಯುತ್ತಿದ್ದವು. ಹೀಗಾಗಿ ಲೇತ್ ಮೇಲೆ ಕೆಲಸ ಮಾಡುವ ಮೀಸೆಯ ಗಂಡಸೊಬ್ಬನಿಗೆ ಗರ್ಭಕೋಶ ಸರಿಯಾದ ಗಾತ್ರದಲ್ಲಿದೆ ಎಂದು ನಮ್ಮ ಆಸ್ಪತ್ರೆ ಸಹಿ ಹಾಕಿ ಕೊಟ್ಟಿತು. ಸಹಿ ಹಾಕಿದ ಡಾಕ್ಟರು ಓದಿರಲಿಲ್ಲ. ಅವರು ಓದಿ ಸಹಿ ಹಾಕಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಇಂಥವನ್ನೆಲ್ಲ ನಾನು ಬೇರೆ ಫೈಲಿನಲ್ಲಿ ಕೂಡಿಟ್ಟು, ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ತೆರೆದಾಗ ಗುಮಾಸ್ತರಿಗೆ ಓದಿ ಹೇಳುತ್ತಿದ್ದೆ. ನಗುತ್ತಿದ್ದೆವು. ಅದರಲ್ಲಿ ರೋಗಿಗಳಿದ್ದಾರೆ ಎಂಬುದು ಆಗ ನನಗೆ ಅಷ್ಟಾಗಿ ಹೊಳೆಯುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಕೆಟ್ಟ ಕೆಲಸ.

ಎರಡು ಸಾವಿರದ ಹತ್ತರ ಆಚೀಚೆ ಇರಬೇಕು, ಆಡಳಿತ ಮಂಡಳಿಗೆ ದೊಡ್ಡ ಸಾಫ್ಟ್‌ವೇರ್ ತರಿಸುವ ಹುಕಿ ಬಂತು. ವೈಟ್‌ಫೀಲ್ಡಿನ ಒಂದು ಕಂಪನಿಗೆ ಕೆಲಸ ವಹಿಸಿದರು. ಅಲ್ಲಿಂದ ನಾಲ್ಕು ಜನ ವಾರಕ್ಕೊಮ್ಮೆ ಕ್ಯಾಬ್ ಮಾಡಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದರು. ಬಂದ ಮೊದಲ ಅರ್ಧ ಗಂಟೆ ಟ್ರಾಫಿಕ್ ಪುರಾಣ. ಗೊರಗುಂಟೆಪಾಳ್ಯದಲ್ಲಿ ಎಷ್ಟು ಹೊತ್ತು ನಿಂತೆವು, ಹೆಬ್ಬಾಳದಲ್ಲಿ ಎಷ್ಟು ಹೊತ್ತು. ಆಮೇಲೆ ಕಾಫಿ. ಆಮೇಲೆ ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ತೋರಿಸಿ, ಊಟಕ್ಕೆ ಮುಂಚೆ ಹೊರಟರೆ ಒಳ್ಳೆಯದು ಎಂದು ಗಡಿಯಾರ ನೋಡುತ್ತಿದ್ದರು. ಆ ನಾಲ್ವರಲ್ಲಿ ಒಬ್ಬನೂ ಒಮ್ಮೆಯಾದರೂ ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗಿ, ರೋಗಿ ಆ ಕಾಗದವನ್ನು ಕೈಯಲ್ಲಿ ಹೇಗೆ ಹಿಡಿದುಕೊಳ್ಳುತ್ತಾನೆ ಎಂದು ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ನಾವು ಏನು ಹೇಳಿದರೂ ಬರೆದುಕೊಂಡು ಹೋಗುತ್ತಿದ್ದರು.

ಇದಕ್ಕೊಂದು ಸಮಿತಿ ಆಯಿತು. ಸೂಪರಿಂಟೆಂಡೆಂಟರು ಅಧ್ಯಕ್ಷರು, ವಿಭಾಗಕ್ಕೊಬ್ಬ ದೊಡ್ಡ ಡಾಕ್ಟರು, ನರ್ಸುಗಳ ಪರವಾಗಿ ಒಬ್ಬರು, ಹಳೆಯ ಫೈಲುಗಳ ಜಾತಕ ಗೊತ್ತಿರುವವಳೆಂದು ನಾನು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲವಂತೆ. ನಮ್ಮ ಮೊದಲ ಮೂರು ಸಭೆಗಳು ಡಾಕ್ಟರುಗಳ ಹೆಸರಿನ ಮುಂದಿನ ಡಿಗ್ರಿಗಳು ಎಷ್ಟು ದಪ್ಪ ಅಕ್ಷರದಲ್ಲಿ ಬರಬೇಕು ಎಂಬುದರಲ್ಲೇ ಮುಗಿದವು. ಮೂಳೆ ಡಾಕ್ಟರಿಗೆ ತಮ್ಮ ವಿದೇಶದ ತರಬೇತಿ ಎರಡನೇ ಸಾಲಿನಲ್ಲಿ ಬಂದರೆ ಆಗದು. ಸರ್ಜನ್ನರಿಗೆ ತಮ್ಮ ಹೆಸರು ರೋಗಿಯ ಹೆಸರಿಗಿಂತ ಮೇಲಿರಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಕಂಪನಿಯವರು ಮೊದಲ ಸಲ ಮುದ್ರಿಸಿ ತಂದ ಸಮ್ಮರಿ ಹನ್ನೊಂದು ಪುಟ ಇತ್ತು. ಹರ್ನಿಯಾ ಆಪರೇಷನ್ ಆಗಿ ಮೂರು ದಿನಕ್ಕೆ ಮನೆಗೆ ಹೋದವನದು. ಅವನ ರಕ್ತ ಪರೀಕ್ಷೆಯ ಪ್ರತಿಯೊಂದು ಅಂಕಿ, ಪ್ರತಿ ನಾಲ್ಕು ಗಂಟೆಗೊಮ್ಮೆ ನೋಡಿದ ಜ್ವರ, ಅವನು ಕುಡಿದ ನೀರು, ಎಲ್ಲ ಅದರಲ್ಲಿತ್ತು. ಮನೆಯಲ್ಲಿ ಯಾವ ಗುಳಿಗೆ ನುಂಗಬೇಕು ಎಂಬುದು ಒಂಬತ್ತನೇ ಪುಟದ ತಳದಲ್ಲಿ ಶುರುವಾಗಿ ಹತ್ತನೇ ಪುಟಕ್ಕೆ ಮುಂದುವರಿದಿತ್ತು. ಪ್ರಯೋಗಕ್ಕೆಂದು ಇನ್ನೊಂದನ್ನು ಮುದ್ರಿಸಿದರು. ಅದು ವಾರ್ಡಿನಲ್ಲೇ ತೀರಿಕೊಂಡ ಒಬ್ಬ ಮುದುಕರದು. ಕೊನೆಯಲ್ಲಿ, ಮಾಮೂಲಿ ಊಟ ಮಾಡಬಹುದು, ಎರಡು ವಾರ ಬಿಟ್ಟು ಬಂದು ಕಾಣಬೇಕು, ಎಂದಿತ್ತು.

"ಅದು ಡೀಫಾಲ್ಟ್ ಆಗಿ ಬಂದ್ಬಿಡುತ್ತೆ ಮೇಡಂ," ಅಂದ ಆ ನಾಲ್ವರ ಮುಖಂಡ.

"ಸತ್ತೋರು ಎರಡು ವಾರ ಬಿಟ್ಟು ಬಂದ್ರೆ ನೀವೇ ಕೂತ್ಕೊಂಡು ನೋಡ್ತೀರಾ?" ಅಂದೆ.

"ಅದನ್ನ ತೆಗೀಬೇಕು ಅಂದ್ರೆ ಕಾಂಟ್ರಾಕ್ಟ್ ಸ್ಕೋಪಲ್ಲಿ ಇಲ್ಲ ಮೇಡಂ. ಮೇಲ್ ಹಾಕಿ, ನೋಡ್ತೀವಿ."

ಆ ಹೊತ್ತಿನಲ್ಲಿ ನನ್ನ ತಲೆಗೆ ಹಟ ಏರಿತು. ಆ ಹನ್ನೊಂದು ಪುಟಗಳನ್ನು ನೆಲಮಾಳಿಗೆಗೆ ಒಯ್ದು ಗೋಡೆಗೆ ಸಾಲಾಗಿ ಅಂಟಿಸಿದೆ. ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ಸಾಲನ್ನು ಓದುತ್ತ, ಮನೆಗೆ ಹೋದವನಿಗೆ ಇದು ಬೇಕೇ, ಮುಂದೆ ಅವನನ್ನು ನೋಡುವ ಬೇರೆ ಡಾಕ್ಟರಿಗೆ ಬೇಕೇ ಎಂದು ಕೇಳಿಕೊಂಡು, ಬೇಡವಾದದ್ದನ್ನೆಲ್ಲ ಹೊಡೆದು ಹಾಕಿದೆ. ಎರಡು ದಿನ ಹಿಡಿಯಿತು. ಉಳಿದದ್ದು ಮುಕ್ಕಾಲು ಪುಟ. ಅಪ್ಪ ಬದುಕಿದ್ದರೆ ಅದನ್ನು ಅವರಿಗೆ ತೋರಿಸುತ್ತಿದ್ದೆ.

ಹೀಗೆ ನನ್ನ ಒಂದೇ ಪುಟದ ಸಮ್ಮರಿ ಹುಟ್ಟಿತು. ಎಲ್ಲ ವಿಭಾಗಕ್ಕೂ ಒಂದೇ ನಮೂನೆ. ಮೇಲೆ ರೋಗಿಯ ಹೆಸರು, ಕೆಳಗೆ ರೋಗ, ಅದರ ಕೆಳಗೆ ಚಿಕಿತ್ಸೆ, ಮಧ್ಯದಲ್ಲಿ ದೊಡ್ಡದಾಗಿ ಔಷಧಿಗಳ ಕೋಷ್ಟಕ, ತಳದಲ್ಲಿ ಮತ್ತೆ ಬರುವ ದಿನ. ಡಾಕ್ಟರ ಡಿಗ್ರಿಗಳು ಇರುವೆ ಗಾತ್ರದಲ್ಲಿ ಮೂಲೆಗೆ ಹೋದವು. ಸಮಿತಿ ಬಿಡಲೊಪ್ಪದ ಪರೀಕ್ಷೆಯ ಅಂಕಿಗಳನ್ನೆಲ್ಲ ಎರಡನೇ ಪುಟವೆಂದು ಬೇರೆ ಹಾಳೆಗೆ ತಳ್ಳಿದೆ, ನನ್ನ ಲೆಕ್ಕಕ್ಕೆ ಅದು ಪುಟವೇ ಅಲ್ಲ. ಕೋಷ್ಟಕದಲ್ಲಿ ಒಂದು ಔಷಧಿಗೆ ಒಂದು ಸಾಲು, ಮುಂದೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ. ನಮ್ಮ ಕಡೆ ಯಾವ ಮೆಡಿಕಲ್ ಶಾಪಿಗೆ ಹೋದರೂ ಒಂದು-ಸೊನ್ನೆ-ಒಂದು ಎಂದರೆ ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಮಕ್ಕಳಿಗೂ ಗೊತ್ತು. ಆ ಮೂರು ಮನೆಗಳ ಮೇಲೆ ಕನ್ನಡದಲ್ಲಿ ಬರೆಯಿರಿ ಎಂದೆ. ಕನ್ನಡ ಅಕ್ಷರ ಹಾಕಿದರೆ ಮುದ್ರಣದಲ್ಲಿ ಬರೀ ಡಬ್ಬಿಗಳು ಬರುತ್ತವೆ ಎಂದು ಕಂಪನಿಯವರು ಕೈ ಚೆಲ್ಲಿದರು. ಬೆಂಗಳೂರಲ್ಲಿ ಕೂತು ಕನ್ನಡ ಮೂಡಿಸಲಾಗದ ಇವರಿಗೆ ಏನೆನ್ನುವುದು. ಹಾಗಾದರೆ ಚಿತ್ರ ಹಾಕಿ ಎಂದೆ. ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಅದು ಬಂತು, ಚೆನ್ನಾಗಿಯೂ ಬಂತು.

ಒಂದು ಕಟ್ಟುನಿಟ್ಟು ಮಾತ್ರ ನನ್ನ ಸ್ವಂತದ್ದು. ಮೊದಲ ಪುಟದಲ್ಲಿ ಡಾಕ್ಟರು ಮನಸ್ಸಿಗೆ ಬಂದಂತೆ ಬರೆಯುವ ಜಾಗ ಎಲ್ಲೂ ಇರಕೂಡದು. ಬಿಡುವು ಕೊಟ್ಟರೆ ಅಲ್ಲಿ ಕಸ ತುಂಬುತ್ತಾರೆ ಎಂಬುದು ಇಪ್ಪತ್ತು ವರ್ಷ ಅವರ ಫೈಲುಗಳನ್ನು ನೋಡಿದ ನನ್ನ ಅನುಭವ. ಔಷಧಿ ಎಂದರೆ ಮೂರು ಮನೆ, ಮೂರು ಅಂಕಿ. ಬೇರೆ ಏನಾದರೂ ಬೊಗಳಬೇಕಿದ್ದರೆ ಎರಡನೇ ಪುಟದಲ್ಲಿ 'ಟಿಪ್ಪಣಿ' ಇದೆ, ಅಲ್ಲಿ ಬೊಗಳಲಿ. ಇದೇ ಮಾತನ್ನು ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ಸಮಿತಿಗೆ ಹೇಳಿದೆ.

ಆಗ ಒಬ್ಬನೇ ಒಬ್ಬ ಬಾಯಿ ಬಿಟ್ಟ. ಗದಗ ಕಡೆಯ ಡ್ಯೂಟಿ ಡಾಕ್ಟರ್, ಎಲ್ಲರಿಗಿಂತ ಕಿರಿಯ. ಸಮ್ಮರಿ ನಿಜವಾಗಿ ತುಂಬುವವನು ಅವನೇ ಆದರೂ ಅವನನ್ನು ಸಮಿತಿಗೆ ಹಾಕಿರಲಿಲ್ಲ. ಆ ದಿನ ಯಾವುದೋ ಸಹಿಗೆ ಬಂದು ಬಾಗಿಲಲ್ಲಿ ನಿಂತಿದ್ದ.

"ಮೇಡಂ, ಕೆಲವು ಗುಳಿಗಿ ವಾರಕ್ಕ ಒಂದೇ ಇರ್ತಾವ್ರಿ. ಅದನ್ನ ಈ ಮೂರು ಮನಿಯೊಳಗ ಹೆಂಗ ಹಾಕೋದು?"

"ಅಂಥದ್ದು ತಿಂಗಳಿಗೆ ಎಷ್ಟು ಬರುತ್ತೆ?"

"ಭಾಳ ಇಲ್ಲ. ಒಂದೋ ಎರಡೋ."

"ಒಂದೋ ಎರಡೋ ಗುಳಿಗೆಗೆ ಇಡೀ ಫಾರಂ ಕೆಡಿಸೋಕಾಗಲ್ಲ ಡಾಕ್ಟ್ರೇ. ಟಿಪ್ಪಣಿಯಲ್ಲಿ ಬರೀರಿ."

ಎಲ್ಲರೂ ನಕ್ಕರು. ಅವನೂ ನಕ್ಕು, ಆಯ್ತ್ರಿ ಎಂದು ಹೋದ. ಅವನ ಪ್ಯಾಂಟಿನ ತುದಿಗೆ ಪ್ಲಾಸ್ಟರಿನ ಬಿಳಿ ಮೆತ್ತಿತ್ತು. ನನಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ, ಸುಮ್ಮನೆ ಲೆಕ್ಕಕ್ಕಿಲ್ಲದವನು ಅನ್ನಿಸಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಆ ದೊಡ್ಡ ಡಾಕ್ಟರುಗಳನ್ನು ಆಡಿಕೊಳ್ಳುತ್ತಿದ್ದವಳು ನಾನು. ನನ್ನ ಮೊಲದ ಕಾಲುಗಳನ್ನು ನಾನು ಎಣಿಸಲಿಲ್ಲ. ಕಂಪನಿಯವರು ಒಪ್ಪಿಗೆ ಪತ್ರ ತಂದರು, ಎಲ್ಲರ ಪರವಾಗಿ ನಾನೇ ಸಹಿ ಹಾಕಿದೆ.

ಫಾರಂ ಜಾರಿಗೆ ಬಂದ ಮೇಲೆ ನನಗೆ ಒಂದು ಚಟ ಹತ್ತಿತು. ಡಿಸ್ಚಾರ್ಜ್ ಹೊತ್ತಿಗೆ ಯಾವುದಾದರೂ ನೆಪ ಮಾಡಿಕೊಂಡು ವಾರ್ಡಿಗೆ ಹೋಗುವುದು, ನನ್ನ ಪುಟ ಕೈಯಿಂದ ಕೈಗೆ ಹೋಗುವುದನ್ನು ನೋಡುವುದು. ಆಸ್ಪತ್ರೆಯ ಎದುರು ಒಂದು ಜೆರಾಕ್ಸ್ ಅಂಗಡಿ ಇತ್ತು. ನಮ್ಮ ರೋಗಿಗಳು ಗೇಟು ದಾಟಿದವರೇ ಮೊದಲು ಅಲ್ಲಿಗೆ ಹೋಗಿ ಸಮ್ಮರಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದರು. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಆಸ್ಪತ್ರೆ ಕಾಗದ, ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಈ ಮೂರನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿದರೇ ಸಮಾಧಾನ. ಅದನ್ನು ದಾರ ಕಟ್ಟಿ ಕ್ಯಾಲೆಂಡರ್ ಪಕ್ಕ ತೂಗು ಹಾಕುತ್ತಾರೆ. ಹನ್ನೊಂದು ಪುಟದ ಕಾಲವಾಗಿದ್ದರೆ ಯಾವುದನ್ನು ತೂಗು ಹಾಕುತ್ತಿದ್ದರೋ.

ಒಂದು ದಿನ ಯಾವುದೋ ಕಾಗದದ ಜೆರಾಕ್ಸಿಗೆ ನಾನೇ ಅಲ್ಲಿಗೆ ಹೋಗಿದ್ದೆ. ಮೇಜಿನ ಕೆಳಗಿನ ರಟ್ಟಿನ ಡಬ್ಬದಲ್ಲಿ ನಮ್ಮ ಆಸ್ಪತ್ರೆಯ ಹಾಳೆಗಳು ತುಂಬಿದ್ದವು.

"ಇವೆಲ್ಲ ಏನಪ್ಪಾ?"

"ನಿಮ್ಮ ಎರಡನೇ ಪೇಜು ಮೇಡಂ. ಒಂದನೇ ಪೇಜ್ ಮಾತ್ರ ಲ್ಯಾಮಿನೇಟ್ ಮಾಡ್ಸ್ತಾರೆ. ಫೋಟೋ, ಸೀಲು, ಮಾತ್ರೆ ಎಲ್ಲಾ ಅದ್ರಲ್ಲೇ ಐತಲ್ಲ. ಇದ್ರಲ್ಲಿ ಬರೀ ಇಂಗ್ಲಿಷು, ಇದ್ಯಾಕೆ ಅಂತ ಇಲ್ಲೇ ಬಿಟ್ಟೋಗ್ತಾರೆ. ನಂಗೆ ಹಿಂದ್ಗಡೆ ಲೆಕ್ಕ ಬರ‍್ಯಾಕಾಯ್ತದೆ."

ನಾನು ಹಿಗ್ಗಿ ಹೀರೇಕಾಯಿ ಆದೆ. ಸಮಿತಿಯ ಕಸವನ್ನೆಲ್ಲ ತುಂಬಿದ ಪುಟ ಸೇರಬೇಕಾದ ಕಡೆಯೇ ಸೇರಿದೆ, ನನ್ನ ಪುಟ ಮನೆಗೆ ಹೋಗುತ್ತಿದೆ. ಮುಂದಿನ ಸಭೆಯಲ್ಲಿ ಈ ಕಥೆಯನ್ನು ಹೇಳಿ ನಗಿಸಿದೆ ಕೂಡ. ಟಿಪ್ಪಣಿ ಇರುವುದೂ ಅದೇ ಎರಡನೇ ಪುಟದಲ್ಲಿ ಎಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಉಳಿದವರ ಬುದ್ಧಿಯಿಂದ ನಾನು ಏನನ್ನೂ ನಿರೀಕ್ಷಿಸುತ್ತಿರಲಿಲ್ಲ, ಆದರೆ ನನಗೆ ಹೊಳೆಯಬೇಕಿತ್ತು.

ಆ ಮಳೆಗಾಲದಲ್ಲಿ ಒಬ್ಬ ಹೆಂಗಸು ದಾಖಲಾದಳು. ಕೊಪ್ಪಳದ ಕಡೆಯವಳು, ಮೂವತ್ತರ ಆಸುಪಾಸು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮೆಷಿನ್ ಮೇಲೆ ಕೆಲಸ, ಬಾಗಲಗುಂಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ. ಅವಳ ಬೆರಳುಗಳ ಕೀಲುಗಳೆಲ್ಲ ಊದಿ, ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಲಾಗದೆ, ಜ್ವರವೂ ಬಂದು, ಒಂದು ವಾರ ನಮ್ಮಲ್ಲಿದ್ದಳು. ಮನೆಗೆ ಹೋಗುವಾಗ ಕೀಲುವಾತಕ್ಕೆ ಕೊಡುವ ಗುಳಿಗೆಯೊಂದನ್ನು ಬರೆದರು. ಅದು ವಾರಕ್ಕೆ ಒಂದೇ ನುಂಗಬೇಕಾದ ಗುಳಿಗೆ. ಹಾಗೆ ನುಂಗಿದರೆ ಕೈ ಮತ್ತೆ ಕೆಲಸಕ್ಕೆ ಬರುತ್ತದೆ. ದಿನಾ ನುಂಗಿದರೆ ಅದೇ ವಿಷ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಡ್ಯೂಟಿ ಡಾಕ್ಟರ್ ಫಾರಂ ತುಂಬಿದ. ಮೂರು ಮನೆ ತುಂಬದೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಒಂದು-ಸೊನ್ನೆ-ಸೊನ್ನೆ ಎಂದು ಹಾಕಿದ. ನಾನು ಹೇಳಿದಂತೆಯೇ ಎರಡನೇ ಪುಟದ ಟಿಪ್ಪಣಿಯಲ್ಲಿ, ಈ ಗುಳಿಗೆ ಸೋಮವಾರ ಮಾತ್ರ, ಎಂದು ಇಂಗ್ಲಿಷಿನಲ್ಲಿ ಬರೆದ. ಅಷ್ಟರಲ್ಲಿ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಒಬ್ಬನನ್ನು ಕೆಳಗೆ ಕರೆತಂದಿದ್ದರಿಂದ ಓಡಿ ಹೋದ. ಔಷಧಿ ಕೌಂಟರಿನ ಕಂಪ್ಯೂಟರ್ ಮೊದಲ ಪುಟವನ್ನು ನೋಡಿ, ದಿನಕ್ಕೊಂದರಂತೆ ತಿಂಗಳಿಗೆ ಮೂವತ್ತು ಎಂದು ತಾನೇ ಗುಣಿಸಿ, ಮೂವತ್ತು ಗುಳಿಗೆ ಕೊಡಿಸಿತು.

ಆ ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದೆ. ನರ್ಸ್ ಪುಟವನ್ನು ಅವಳ ಮಡಿಲಲ್ಲಿಟ್ಟು ವಿವರಿಸುತ್ತಿದ್ದಳು. ಆ ಹೆಂಗಸು ತನ್ನ ಊದಿದ ತೋರುಬೆರಳನ್ನು ಹುಟ್ಟುವ ಸೂರ್ಯನ ಚಿತ್ರದ ಕೆಳಗಿಟ್ಟು, ನಿಧಾನವಾಗಿ ಕೆಳಗಿಳಿಸಿ, "ಮುಂಜಾನಿ ಒಂದು," ಅಂದಳು. ಮುಂದಿನ ಮನೆಗೆ ಬೆರಳು ಸರಿಸಿ, "ಮಧ್ಯಾಹ್ನ ಇಲ್ಲ. ರಾತ್ರಿ ಇಲ್ಲ," ಅಂದಳು. ಓದು ಬಾರದವಳು ನನ್ನ ಪುಟವನ್ನು ಓದುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಸರಿಯಾಗಿ ಓದಿದೆ ಕಣಮ್ಮ," ಎಂದು ನಾನೇ ಹೇಳಿದೆ. ಅವಳು ನಾಚಿಕೊಂಡು ಗಂಡನ ಕಡೆ ನೋಡಿದಳು.

ಹನ್ನೆರಡನೇ ದಿನ ಅವಳನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಬಾಯಿ ತುಂಬ ಹುಣ್ಣು, ನೀರು ಕೂಡ ನುಂಗಲಾಗದು, ಕೆಂಡದಂಥ ಜ್ವರ, ಮೈಮೇಲೆ ನೀಲಿ ಕಲೆಗಳು. ರಕ್ತ ಪರೀಕ್ಷೆ ನೋಡಿ ದೊಡ್ಡ ಡಾಕ್ಟರಿಗೆ ಮೊದಲು ಏನೂ ತೋಚಲಿಲ್ಲವಂತೆ. ಡ್ಯೂಟಿ ಡಾಕ್ಟರ್ ಮಾತ್ರ ಅವಳ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಗುಳಿಗೆಗಳನ್ನೂ ಕಾಗದವನ್ನೂ ತರಲು ಗಂಡನನ್ನು ಮನೆಗೆ ಓಡಿಸಿದ. ಅವನು ತಂದ. ಗುಳಿಗೆಯ ಪಟ್ಟಿಯಲ್ಲಿ ಹನ್ನೆರಡು ಗುಂಡಿಗಳು ಖಾಲಿ. ಕಾಗದ ಪ್ಲಾಸ್ಟಿಕ್ಕಿನೊಳಗೆ ಫಳಫಳ ಹೊಳೆಯುತ್ತಿತ್ತು, ಒಂದೇ ಪುಟ.

ಫೈಲು ತೆಗೆದುಕೊಂಡು ನಾನು ಮೇಲೆ ಹೋದಾಗ ಡ್ಯೂಟಿ ಡಾಕ್ಟರ್ ಐಸಿಯು ಬಾಗಿಲಲ್ಲಿ ಆ ಕಾಗದ ಹಿಡಿದು ನಿಂತಿದ್ದ. ನನಗೆ ಕೊಟ್ಟ. ಬೈದಿದ್ದರೆ ತಿರುಗಿಸಿ ಹೇಳಲು ನನ್ನ ಹತ್ತಿರ ಮಾತುಗಳಿದ್ದವು. ಅವನು ಆ ಅವಕಾಶ ಕೊಡದೆ ಒಳಗೆ ಹೋದ.

ಮೂರನೇ ದಿನ ಸಭೆ. ಅವಳು ಉಳಿಯುತ್ತಾಳೋ ಇಲ್ಲವೋ ಆಗ ಗೊತ್ತಿರಲಿಲ್ಲ. ಸಭೆಯಲ್ಲಿ ಅದನ್ನು ಕೇಳಿದವರೂ ಇರಲಿಲ್ಲ. ಕಂಪನಿಯ ಮುಖಂಡ ಅಂದು ಟ್ರಾಫಿಕ್ ಬಗ್ಗೆ ಮಾತಾಡದೆ ನೇರವಾಗಿ ಒಂದು ಕಾಗದವನ್ನು ಮೇಜಿನ ಮೇಲಿಟ್ಟ. "ಸಾರ್, ಸೈನ್ ಆಫ್ ಆಗಿರೋ ಡಿಸೈನ್ ಪ್ರಕಾರವೇ ಸಿಸ್ಟಂ ಕೆಲಸ ಮಾಡಿದೆ," ಅಂದ. ಕೆಳಗೆ ನನ್ನ ಸಹಿ. ಔಷಧಿ ಕೌಂಟರಿನವರು ಕಂಪ್ಯೂಟರ್ ಹೇಳಿದಷ್ಟು ಕೊಟ್ಟೆವು ಅಂದರು. ನರ್ಸುಗಳ ಪರವಾಗಿ ಬಂದವರು ಪುಟದಲ್ಲಿ ಇದ್ದದ್ದನ್ನು ಓದಿ ಹೇಳಿದ್ದೇವೆ ಅಂದರು. ಎಲ್ಲರ ಮಾತೂ ನಿಜವಾಗಿತ್ತು. ಎಂಥ ಹೇಡಿಗಳು ಅಂದುಕೊಂಡೆ. ಆಮೇಲೆ ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು.

"ವಾರಕ್ಕೊಂದು ಅನ್ನೋ ಸೂಚನೆ ರೋಗಿಗೆ ಕೊಟ್ಟಿದ್ವಾ ಇಲ್ವಾ?"

ಡ್ಯೂಟಿ ಡಾಕ್ಟರ್ ಗೋಡೆಗೆ ಒರಗಿ ನಿಂತಿದ್ದ. ಅವತ್ತು ಬಾಗಿಲಲ್ಲಿ ಆದ ಮಾತನ್ನು ಅವನು ಈಗ ಹೇಳುತ್ತಾನೆ ಎಂದು ಕಾದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಕೊಟ್ಟಿದ್ದೇವೆ ಸಾರ್," ಅಂದೆ. "ಎರಡನೇ ಪುಟದಲ್ಲಿ ಸ್ಪಷ್ಟವಾಗಿ ಇದೆ."

ಆ ಎರಡನೇ ಪುಟದ ಬೆನ್ನ ಮೇಲೆ ಎದುರಂಗಡಿಯವನು ಎಷ್ಟೊತ್ತಿಗೋ ಲೆಕ್ಕ ಬರೆದಿದ್ದ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ವರದಿಯಲ್ಲಿ, ರೋಗಿಯು ಸೂಚನೆಗಳನ್ನು ಪಾಲಿಸಿಲ್ಲ, ಎಂದು ಬರೆದರು. ಆ ಆಸ್ಪತ್ರೆಯಲ್ಲಿ ನಾನು ಮಾಡಿಸಿದ ಪುಟವನ್ನು ಒಂದು ಸಾಲೂ ಬಿಡದೆ, ಒಂದು ದಿನವೂ ತಪ್ಪದೆ ಪಾಲಿಸಿದವಳು ಅವಳೊಬ್ಬಳೇ. ಉಳಿದವರು ಬಿಡಿ, ಸಹಿ ಹಾಕಿದ ಡಾಕ್ಟರು ಕೂಡ ಅದನ್ನು ಓದಿರಲಿಲ್ಲ. ವರದಿಯ ಪ್ರತಿಯನ್ನು ಫೈಲಿಗೆ ಹಾಕುವ ಕೆಲಸ ನನ್ನದೇ, ಹಾಕಿದೆ.

ಅದೇ ವಾರ ಫಾರಂ ಬದಲಾಯಿತು. ಸ್ಕೋಪಲ್ಲಿ ಇಲ್ಲ ಎನ್ನುತ್ತಿದ್ದವರು ಎರಡೇ ದಿನದಲ್ಲಿ ಮಾಡಿಕೊಟ್ಟರು. ಡ್ಯೂಟಿ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದೆ. ವಾರಕ್ಕೊಮ್ಮೆಯ ಗುಳಿಗೆಗೆ ಬೇರೆ ಸಾಲು, ಅದಕ್ಕೆ ವಾರದ ಏಳು ಮನೆ, ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಕೊಡಲು ಕೌಂಟರಿಗೆ ತಡೆ. ನಿಲ್ಲಿಸಿದ ಔಷಧಿಗಳಿಗೆ ಕೆಂಪು ಚೌಕ. ಕನ್ನಡವೂ ಬಂತು, ಡಬ್ಬಿಗಳಾಗದೆ ಬಂತು. ಎಲ್ಲ ಒಂದೇ ಪುಟದಲ್ಲಿ ಹಿಡಿಸಿತು. ಅಂದರೆ ಮೊದಲೂ ಹಿಡಿಸುತ್ತಿತ್ತು. ಮುಂದೆ ಗುಣಮಟ್ಟ ಪರೀಕ್ಷೆಗೆ ಬಂದವರು ಈ ಪುಟವನ್ನು ಹಿಡಿದು ಬೆಳಕಿಗೆ ತೋರಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಡ್ಯೂಟಿ ಡಾಕ್ಟರ್ ಅಷ್ಟರಲ್ಲಿ ಕೆಲಸ ಬಿಟ್ಟು ಊರ ಕಡೆ ಹೋಗಿದ್ದ. ನಾನು ನಮಸ್ಕಾರ ಮಾಡಿದೆ.

ಆ ಹೆಂಗಸು ಬದುಕಿದಳು. ಐಸಿಯುನಲ್ಲಿ ಒಂಬತ್ತು ದಿನ, ಆಮೇಲೆ ವಾರ್ಡಿನಲ್ಲಿ ಎರಡು ವಾರ. ಕೂದಲೆಲ್ಲ ಉದುರಿತ್ತು. ಗಾರ್ಮೆಂಟ್ಸಿನವರು ಅವಳ ಮೆಷಿನ್ನಿಗೆ ಬೇರೆಯವಳನ್ನು ಕೂರಿಸಿದ್ದರಂತೆ. ಅವಳ ಡಿಸ್ಚಾರ್ಜ್ ದಿನ ಹೊಸ ಪುಟವನ್ನು ನರ್ಸ್ ಕೈಗೆ ಕೊಡದೆ ನಾನೇ ತೆಗೆದುಕೊಂಡು ಹೊರಟೆ. ನೆಲಮಾಳಿಗೆಯಿಂದ ಎರಡನೇ ಮಹಡಿಯವರೆಗೆ ಮೆಟ್ಟಿಲು ಹತ್ತುತ್ತ ಒಂದು ಮಾತನ್ನು ಕೂಡಿಸಿಕೊಂಡಿದ್ದೆ. ನೀನು ಸರಿಯಾಗಿಯೇ ಓದಿದ್ದೆ, ಕಾಗದವೇ ತಪ್ಪಿತ್ತು, ಅದನ್ನು ಮಾಡಿಸಿದವಳು ನಾನು. ಇಷ್ಟೇ. ಹೇಳಿದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ವಾರ್ಡಿನಲ್ಲಿ ನನ್ನ ಮೇಲಿನವರು ಯಾರೂ ಇರಲಿಲ್ಲ.

ನನ್ನನ್ನು ಕಂಡು ಅವಳು ಮಂಚದ ಅಂಚು ಹಿಡಿದು ಎದ್ದು ಕೂತಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಗಂಡ ಚೀಲಕ್ಕೆ ತಟ್ಟೆ ಲೋಟ ತುಂಬುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎರಡೂ ಕೈ ಜೋಡಿಸಿದಳು.

"ತಪ್ಪಾತ್ರಿ ಮೇಡಮ್ಮಾರ. ಓದಾಕ ಬರದಾಕಿ ನಾ. ಸೋಮಾರ ಒಂದಿನಾ ಅಷ್ಟ ಅಂತ ಬರದಿದ್ರಂತ, ನನಗ ತಿಳೀಲಿಲ್ಲ. ನಿಮಗೆಲ್ಲಾ ನನ್ನಿಂದ ತ್ರಾಸಾತು."

ವಾರ್ಡಿನಲ್ಲಿ ಯಾರೋ ಅವಳಿಗೆ ಹಾಗೆ ಹೇಳಿಬಿಟ್ಟಿದ್ದರು. ನಾನು ಅವಳ ಕೈಯನ್ನೂ ನನ್ನ ಕೈಯಲ್ಲಿದ್ದ ಹೊಸ ಪುಟವನ್ನೂ ನೋಡಿದೆ.

"ಇರ್ಲಿ ಬಿಡಮ್ಮ," ಅಂದೆ. "ಇನ್ಮೇಲೆ ಹುಷಾರಾಗಿ ನೋಡ್ಕೊಂಡು ತಗೋ."

ಅವಳ ಮುಖ ಹಗುರಾಯಿತು. ಗಂಡನೂ ಚೀಲ ಕೆಳಗಿಟ್ಟು ನನಗೆ ಕೈ ಮುಗಿದ.